ಮಕ್ಕಳ ಹೃದಯದ ತೂತು, ಕೆಟ್ಟ ಕವಾಟ: ಚಿಕಿತ್ಸೆ ಉಂಟು, ಹೊತ್ತು ಮೀರಬಾರದು



ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ತಾಲೂಕುಗಳಿಂದ ನಮ್ಮ ಟ್ರಸ್ಟಿಗೆ ಬರುವ ಅರ್ಜಿಗಳನ್ನು ಓದಿ ನೋಡುವ ಕೆಲಸದಲ್ಲಿ ನಾನೂ ಇದ್ದೇನೆ. ಅಂಕಪಟ್ಟಿ, ಆದಾಯ ಪ್ರಮಾಣಪತ್ರಗಳ ನಡುವೆ ಆಗಾಗ ಒಂದು ಮಾತು ಕಣ್ಣಿಗೆ ಬೀಳುತ್ತದೆ: ಮಗುವಿಗೆ ಹಾರ್ಟ್ ತೊಂದರೆ ಇದೆ, ಆದ್ದರಿಂದ ಹಾಜರಾತಿ ಕಡಿಮೆ. ವಿಚಾರಿಸಿದರೆ ಕೆಲವರು ಆಪರೇಷನ್ ಆಗಿದೆ ಎನ್ನುತ್ತಾರೆ. ಕೆಲವರು ದೊಡ್ಡವನಾದ ಮೇಲೆ ಮಾಡಿಸೋಣ ಅಂತ ಬಿಟ್ಟಿದ್ದೇವೆ ಎನ್ನುತ್ತಾರೆ. ಇನ್ನು ಕೆಲವರು ಅಷ್ಟು ಲಕ್ಷ ಎಲ್ಲಿಂದ ತರೋಣ ಎಂದು ಸುಮ್ಮನಾಗುತ್ತಾರೆ.

ನಾನು ವೈದ್ಯನಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತನಾದವನು. ಆದರೂ ಈ ವಿಷಯ ಬರೆಯಬೇಕೆನಿಸಿದ್ದು ಒಂದು ಕಾರಣಕ್ಕೆ. ಮಕ್ಕಳ ಹೃದಯದ ಬಹುಪಾಲು ದೋಷಗಳಿಗೆ ಇಂದು ನಮ್ಮ ರಾಜ್ಯದಲ್ಲೇ ಚಿಕಿತ್ಸೆ ಇದೆ. ಬಡವರಿಗೆ ಅದರ ಖರ್ಚನ್ನು ಸರ್ಕಾರವೇ ಭರಿಸುವ ಯೋಜನೆಗಳಿವೆ. ಆದರೆ ಯಾವ ಚಿಕಿತ್ಸೆ ಸಾಧ್ಯ ಎಂಬುದು ಮಗು ಯಾವ ವಯಸ್ಸಿನಲ್ಲಿ ವೈದ್ಯರ ಮುಂದೆ ಬಂತು ಎಂಬುದರ ಮೇಲೆ ನಿಂತಿದೆ. ಎಂಟು ತಿಂಗಳಲ್ಲಿ ಸುಲಭವಾಗಿ ಸರಿಹೋಗುವ ದೋಷ ಹದಿನೈದು ವರ್ಷಕ್ಕೆ ಯಾರ ಕೈಗೂ ಸಿಗದಂತೆ ಆಗಬಹುದು. ಇದನ್ನು ಎಲ್ಲ ಮನೆಗಳೂ ತಿಳಿಯಬೇಕು.

ಹೃದಯ ಕೆಲಸ ಮಾಡುವ ರೀತಿ

ಹೃದಯವೆಂದರೆ ಅವರವರ ಮುಷ್ಟಿಯ ಗಾತ್ರದ ಸ್ನಾಯುವಿನ ಪಂಪು. ಅದರಲ್ಲಿ ನಾಲ್ಕು ಕೋಣೆಗಳು. ಮೇಲಿನ ಎರಡಕ್ಕೆ ಹೃತ್ಕರ್ಣ, ಕೆಳಗಿನ ಎರಡಕ್ಕೆ ಹೃತ್ಕುಕ್ಷಿ ಎಂದು ಪಠ್ಯಪುಸ್ತಕದಲ್ಲಿ ಓದಿದ್ದೇವೆ. ಬಲಭಾಗವು ದೇಹದಿಂದ ವಾಪಸ್ ಬಂದ, ಆಮ್ಲಜನಕ ಕಡಿಮೆಯಾದ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡಭಾಗಕ್ಕೆ ಬಂದು, ಅಲ್ಲಿಂದ ಮೈಯೆಲ್ಲ ಹರಿಯುತ್ತದೆ. ಎಡ-ಬಲ ಬೆರೆಯದಂತೆ ನಡುವೆ ಗೋಡೆ ಇದೆ. ರಕ್ತ ಹಿಂದಕ್ಕೆ ಹೋಗದಂತೆ ನಾಲ್ಕು ಕವಾಟಗಳಿವೆ. ಜನ ಇವನ್ನೇ ವಾಲ್ವ್ ಎನ್ನುವುದು. ಇವು ಒಂದೇ ದಿಕ್ಕಿಗೆ ತೆರೆಯುವ ಬಾಗಿಲುಗಳು. ದಿನವೊಂದಕ್ಕೆ ಸುಮಾರು 1 ಲಕ್ಷ ಸಲ ತೆರೆದು ಮುಚ್ಚುತ್ತವೆ.

ರಕ್ತದ ಈ ದಾರಿಯನ್ನು ಮೊದಲು ಸರಿಯಾಗಿ ಬರೆದಿಟ್ಟವರಲ್ಲಿ ಡಮಾಸ್ಕಸ್‌ನಲ್ಲಿ ಹುಟ್ಟಿ ಕೈರೋದಲ್ಲಿ ವೈದ್ಯರಾಗಿದ್ದ ಇಬ್ನ್ ಅಲ್-ನಫೀಸ್ ಒಬ್ಬರು. ಅವರು ತೀರಿಕೊಂಡದ್ದು 1288ರಲ್ಲಿ. ಎರಡು ಹೃತ್ಕುಕ್ಷಿಗಳ ನಡುವಿನ ಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅಲ್ಲಿಂದಲೇ ಬಲದಿಂದ ಎಡಕ್ಕೆ ಸೋರುತ್ತದೆ ಎಂದು ಹಿಂದಿನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ಒಪ್ಪಿದ್ದರು. ಇಬ್ನ್ ಅಲ್-ನಫೀಸ್ ಒಪ್ಪಲಿಲ್ಲ. ಆ ಗೋಡೆ ಗಟ್ಟಿಯಾದದ್ದು, ಅದರಲ್ಲಿ ತೂತಿಲ್ಲ, ರಕ್ತ ಶ್ವಾಸಕೋಶವನ್ನು ಹಾದೇ ಎಡಕ್ಕೆ ಬರಬೇಕು ಎಂದು ಬರೆದರು. ಆರೋಗ್ಯವಂತ ಹೃದಯದ ಲಕ್ಷಣವೇ ಅದು. ತೂತಿಲ್ಲದ ಗೋಡೆಯಲ್ಲಿ ತೂತು ಉಳಿದುಕೊಂಡು ಮಗು ಹುಟ್ಟಿದಾಗ ತೊಂದರೆ ಶುರುವಾಗುತ್ತದೆ.

ಹುಟ್ಟಿನಿಂದ ಬರುವ ದೋಷಗಳು

ಸಾವಿರ ಮಕ್ಕಳು ಹುಟ್ಟಿದರೆ ಸುಮಾರು 8-9 ಮಕ್ಕಳಲ್ಲಿ ಹೃದಯದ ದೋಷ ಇರುತ್ತದೆ. ಎಲ್ಲ ದೋಷವೂ ಒಂದೇ ತೆರನಲ್ಲ, ಎಲ್ಲದಕ್ಕೂ ಆಪರೇಷನ್ ಬೇಕಿಲ್ಲ. ಮುಖ್ಯವಾದವು ಇವು.

ಒಂದು, ಕೆಳಗಿನ ಎರಡು ಕೋಣೆಗಳ ನಡುವಿನ ತೂತು. ವೈದ್ಯರ ಚೀಟಿಯಲ್ಲಿ ವಿ.ಎಸ್.ಡಿ. ಎಂದಿರುತ್ತದೆ. ತೂತು ಚಿಕ್ಕದಿದ್ದರೆ ಅನೇಕ ಸಲ ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ವೈದ್ಯರು ಹೇಳಿದಾಗ ಹೋಗಿ ತೋರಿಸುತ್ತಿದ್ದರೆ ಸಾಕು. ದೊಡ್ಡದಿದ್ದರೆ ಮಗುವಿಗೆ ಹಾಲು ಕುಡಿಯಲೂ ಆಗದು, ಹಣೆ ಬೆವರುತ್ತದೆ, ತೂಕ ಏರದು, ಪದೇ ಪದೇ ನ್ಯುಮೋನಿಯಾ ಬರುತ್ತದೆ. ಅಂಥ ತೂತನ್ನು ಸಾಮಾನ್ಯವಾಗಿ ಮೊದಲ ವರ್ಷದೊಳಗೆ ಆಪರೇಷನ್ ಮಾಡಿ, ತೇಪೆ ಹಾಕಿ ಮುಚ್ಚುತ್ತಾರೆ.

ಎರಡು, ಮೇಲಿನ ಕೋಣೆಗಳ ನಡುವಿನ ತೂತು, ಅಂದರೆ ಎ.ಎಸ್.ಡಿ. ಇದು ಮೋಸದ ದೋಷ. ಮಗು ಆಡುತ್ತದೆ, ಓದುತ್ತದೆ, ವರ್ಷಗಟ್ಟಲೆ ಏನೂ ತೋರುವುದಿಲ್ಲ. ದೊಡ್ಡವರಾದ ಮೇಲೆ ಉಸಿರುಕಟ್ಟುವುದು, ಎದೆಬಡಿತ ತಪ್ಪುವುದು ಆಗುತ್ತದೆ. ಶಾಲೆಗೆ ಸೇರುವ ವಯಸ್ಸಿಗೆ ಮುಂಚಿತವಾಗಿ ಮುಚ್ಚಿಸುವುದು ರೂಢಿ. ತೂತಿನ ಜಾಗ, ಅಂಚು ಸರಿಯಾಗಿದ್ದರೆ ಎದೆ ತೆರೆಯಬೇಕಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ಸಣ್ಣ ನಳಿಕೆ ಕಳಿಸಿ, ಛತ್ರಿಯಂತೆ ಅರಳುವ ಸಾಧನವನ್ನು ಆ ತೂತಿಗೆ ಕೂರಿಸುತ್ತಾರೆ. ಒಂದೆರಡು ದಿನದಲ್ಲಿ ಮನೆಗೆ ಬರಬಹುದು.

ಮೂರು, ಪಿ.ಡಿ.ಎ. ಗರ್ಭದಲ್ಲಿರುವಾಗ ಮಗುವಿನ ಎರಡು ದೊಡ್ಡ ರಕ್ತನಾಳಗಳನ್ನು ಜೋಡಿಸುವ ಒಂದು ಸಣ್ಣ ನಾಳ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಿಹೋಗಬೇಕು. ಮುಚ್ಚದಿದ್ದರೆ ಅದನ್ನೂ ಹೆಚ್ಚಾಗಿ ನಳಿಕೆಯ ಮೂಲಕವೇ ಮುಚ್ಚುತ್ತಾರೆ, ಕೆಲವರಿಗೆ ಆಪರೇಷನ್ ಬೇಕಾಗುತ್ತದೆ.

ನಾಲ್ಕು, ಮಗು ನೀಲಿಗಟ್ಟುವ ದೋಷಗಳು. ಇವುಗಳಲ್ಲಿ ಹೆಚ್ಚು ಕಾಣುವುದು ಟೆಟ್ರಾಲಜಿ ಆಫ್ ಫ್ಯಾಲೋ. ಗೋಡೆಯಲ್ಲಿ ದೊಡ್ಡ ತೂತು, ಶ್ವಾಸಕೋಶಕ್ಕೆ ಹೋಗುವ ದಾರಿ ಇಕ್ಕಟ್ಟು, ಹೀಗೆ ನಾಲ್ಕು ತೊಂದರೆ ಒಟ್ಟಿಗೆ ಇರುತ್ತವೆ. ತುಟಿ, ನಾಲಗೆ, ಉಗುರು ನೀಲಿಯಾಗುತ್ತವೆ. ಇದಕ್ಕೆ ತೂತು ಮುಚ್ಚಿ, ಇಕ್ಕಟ್ಟಾದ ದಾರಿ ಅಗಲ ಮಾಡುವ ಪೂರ್ಣ ಆಪರೇಷನ್ ಇದೆ. ಸಾಧ್ಯವಾದಷ್ಟೂ ಮೊದಲ ವರ್ಷದ ಆಸುಪಾಸಿನಲ್ಲಿ ಮಾಡುತ್ತಾರೆ. ಮಗು ತೀರ ಚಿಕ್ಕದಿದ್ದರೆ ಮೊದಲು ಒಂದು ಸಣ್ಣ ಕೊಳವೆ ಜೋಡಿಸಿ ಶ್ವಾಸಕೋಶಕ್ಕೆ ರಕ್ತ ಹೋಗುವಂತೆ ಮಾಡಿ, ಪೂರ್ಣ ಆಪರೇಷನ್ ಆಮೇಲೆ ಮಾಡುತ್ತಾರೆ. ಎರಡು ದೊಡ್ಡ ನಾಳಗಳೇ ಅದಲುಬದಲಾಗಿ ಹುಟ್ಟಿದ ಮಕ್ಕಳಿಗಂತೂ ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು.

ದೊಡ್ಡವನಾಗಲಿ ಎಂದು ಕಾಯುವುದರಲ್ಲಿ ಏನು ಅಪಾಯ

ಗೋಡೆಯ ದೊಡ್ಡ ತೂತಿನಿಂದ ರಕ್ತ ಒತ್ತಡದಲ್ಲಿ ಎಡದಿಂದ ಬಲಕ್ಕೆ ನುಗ್ಗುತ್ತದೆ. ಹೀಗೆ ಶ್ವಾಸಕೋಶಕ್ಕೆ ಅಳತೆ ಮೀರಿ ರಕ್ತ ಹೋಗುತ್ತದೆ. ಆ ಹೊಡೆತ ತಡೆಯಲು ಶ್ವಾಸಕೋಶದ ಸಣ್ಣ ನಾಳಗಳು ದಪ್ಪವಾಗುತ್ತ, ಗಟ್ಟಿಯಾಗುತ್ತ ಹೋಗುತ್ತವೆ. ಮೊದಮೊದಲು ಇದು ತಿರುಗಿ ಸರಿಹೋಗುವಂಥದ್ದು. ಕೆಲವು ವರ್ಷ ಕಳೆದರೆ ಸರಿಹೋಗುವುದಿಲ್ಲ. ಕೊನೆಗೆ ಬಲಭಾಗದ ಒತ್ತಡವೇ ಹೆಚ್ಚಾಗಿ ರಕ್ತ ಉಲ್ಟಾ ಹರಿಯತೊಡಗುತ್ತದೆ, ಅಲ್ಲಿಯವರೆಗೆ ಕೆಂಪಗಿದ್ದ ಮಗು ನೀಲಿಯಾಗುತ್ತದೆ. ಈ ಹಂತಕ್ಕೆ ಐಸೆನ್‌ಮೆಂಗರ್ ಎನ್ನುತ್ತಾರೆ. ಆಗ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಔಷಧಿಯಲ್ಲಿ ದಿನ ದೂಡಬಹುದು ಅಷ್ಟೆ.

ಇದರಲ್ಲಿ ಇನ್ನೊಂದು ಮೋಸವಿದೆ. ನಾಳಗಳು ಗಟ್ಟಿಯಾಗುವ ನಡುವಿನ ಕಾಲದಲ್ಲಿ ಮಗುವಿನ ನ್ಯುಮೋನಿಯಾ ಕಡಿಮೆಯಾಗುತ್ತದೆ, ತೂಕವೂ ಸ್ವಲ್ಪ ಏರಬಹುದು. ಮನೆಯವರು ಗುಣವಾಯಿತು ಎಂದುಕೊಂಡು ಆಸ್ಪತ್ರೆಗೆ ಹೋಗುವುದನ್ನು ಬಿಡುತ್ತಾರೆ. ನಿಜದಲ್ಲಿ ಬಾಗಿಲು ಮುಚ್ಚುತ್ತಿರುವ ಹೊತ್ತು ಅದು. ಆದ್ದರಿಂದ ಎಕೋ ಪರೀಕ್ಷೆ ಮಾಡಿದ ವೈದ್ಯರು ಸಾಕು ಎನ್ನುವ ತನಕ ತೋರಿಸುವುದನ್ನು ನಿಲ್ಲಿಸಬಾರದು.

ತಾಯಿಯ ತಪ್ಪಲ್ಲ

ಗ್ರಹಣ ನೋಡಿದ್ದಕ್ಕೆ, ದೃಷ್ಟಿ ತಾಗಿದ್ದಕ್ಕೆ, ಬಸುರಿಯಲ್ಲಿ ಏನೋ ತಿಂದದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವುದು ನಮ್ಮ ಕಡೆ ಎಲ್ಲ ಜಾತಿ ಧರ್ಮಗಳಲ್ಲೂ ಉಂಟು. ಅದು ಸುಳ್ಳು. ಬಹುಪಾಲು ಮಕ್ಕಳಲ್ಲಿ ಇದೇ ಕಾರಣ ಎಂದು ಬೊಟ್ಟು ಮಾಡಿ ತೋರಿಸಲಾಗದು. ಗೊತ್ತಿರುವ ಕೆಲವು ಕಾರಣಗಳೆಂದರೆ ಬಸುರಿಯ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಸೋಂಕು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ, ವೈದ್ಯರನ್ನು ಕೇಳದೆ ನುಂಗಿದ ಕೆಲವು ಮಾತ್ರೆಗಳು. ರುಬೆಲ್ಲಾಕ್ಕೆ ಲಸಿಕೆ ಇದೆ. ದಡಾರ-ರುಬೆಲ್ಲಾ ಲಸಿಕೆ ಅಭಿಯಾನ ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ನಡೆಯಿತು, ಈಗ ಎಲ್ಲ ಮಕ್ಕಳಿಗೂ ಕೊಡುತ್ತಾರೆ. ಹೆಣ್ಣುಮಕ್ಕಳಿಗೆ ತಪ್ಪದೆ ಹಾಕಿಸಿ. ಸೋದರಮಾವನಿಗೋ, ಅತ್ತೆ-ಮಾವಂದಿರ ಮಕ್ಕಳಿಗೋ, ಚಿಕ್ಕಪ್ಪ-ದೊಡ್ಡಪ್ಪಂದಿರ ಮಕ್ಕಳಿಗೋ ಕೊಟ್ಟು ತರುವ ರಕ್ತಸಂಬಂಧದ ಮದುವೆಗಳಲ್ಲಿ ಈ ದೋಷದ ಸಂಭವ ಸ್ವಲ್ಪ ಹೆಚ್ಚೆಂದು ಅಧ್ಯಯನಗಳು ಹೇಳುತ್ತವೆ. ಮದುವೆ ಮಾತುಕತೆಯ ಮುನ್ನ ಹಿರಿಯರು ಇದನ್ನೂ ಯೋಚಿಸಲಿ.

ಮನೆಯಲ್ಲಿ, ಶಾಲೆಯಲ್ಲಿ ಗಮನಿಸಬೇಕಾದ ಗುರುತುಗಳು

ಕೂಸು ಹಾಲು ಕುಡಿಯುವಾಗ ನಡುನಡುವೆ ಬಿಟ್ಟು ಏದುಸಿರು ಬಿಡುವುದು, ಹಣೆ ಬೆವರುವುದು, ತೂಕ ನಿಂತಲ್ಲೇ ನಿಲ್ಲುವುದು, ತಿಂಗಳಿಗೊಮ್ಮೆ ಎಂಬಂತೆ ಎದೆ ಕಟ್ಟುವುದು, ಅತ್ತಾಗ ತುಟಿ ನೀಲಿಯಾಗುವುದು. ಶಾಲೆಯ ಮಗುವಾದರೆ ಆಟದ ಪಿರಿಯಡ್‌ನಲ್ಲಿ ಎಲ್ಲರಿಗಿಂತ ಮೊದಲೇ ಸುಸ್ತಾಗುವುದು, ಎದೆ ಡವಗುಟ್ಟುವುದು, ತಲೆಸುತ್ತಿ ಬೀಳುವುದು.

ಓಡುತ್ತಿದ್ದ ಮಗು ಫಕ್ಕನೆ ನಿಂತು ಕುಕ್ಕರಗಾಲಿನಲ್ಲಿ ಕೂರುವುದನ್ನು ಶಿಕ್ಷಕರು ಸೋಮಾರಿತನ ಎಂದುಕೊಳ್ಳಬಾರದು. ನೀಲಿಗಟ್ಟುವ ದೋಷವಿರುವ ಮಕ್ಕಳು ತಾವಾಗಿಯೇ ಹಾಗೆ ಕೂರುತ್ತಾರೆ. ಹಾಗೆ ಕೂತಾಗ ಶ್ವಾಸಕೋಶದ ಕಡೆಗೆ ಹೆಚ್ಚು ರಕ್ತ ಹೋಗಿ ಅವರಿಗೆ ಆರಾಮ ಸಿಗುತ್ತದೆ. ಚಿಕ್ಕ ಕೂಸು ಇದ್ದಕ್ಕಿದ್ದಂತೆ ಬಹಳ ನೀಲಿಯಾಗಿ ಚಡಪಡಿಸಿದರೆ, ಅದರ ಮೊಣಕಾಲುಗಳನ್ನು ಎದೆಗೆ ಒತ್ತಿ ಹಿಡಿದು, ಸಮಾಧಾನ ಮಾಡುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಆಪರೇಷನ್ ಎಂದರೆ ಏನು ಮಾಡುತ್ತಾರೆ

ಬಡಿಯುವ ಹೃದಯವನ್ನು ನಿಲ್ಲಿಸಿ ಒಳಗೆ ಹೊಲಿಗೆ ಹಾಕುವುದು ಎಂದರೆ ಯಾರಿಗಾದರೂ ಭಯವೇ. ಇದನ್ನು ಸಾಧ್ಯ ಮಾಡಿದ್ದು ಹಾರ್ಟ್-ಲಂಗ್ ಯಂತ್ರ. ಆಪರೇಷನ್ ನಡೆಯುವಷ್ಟು ಹೊತ್ತು ಹೃದಯ ಮತ್ತು ಶ್ವಾಸಕೋಶಗಳ ಕೆಲಸವನ್ನು ಹೊರಗಿನ ಯಂತ್ರ ಮಾಡುತ್ತದೆ. 1953ರ ಮೇ 6ರಂದು ಅಮೆರಿಕದ ಜಾನ್ ಗಿಬ್ಬನ್ ಈ ಯಂತ್ರದ ನೆರವಿನಿಂದ ಒಬ್ಬ ತರುಣಿಯ ಹೃದಯದ ತೂತನ್ನು ಮುಚ್ಚಿದರು. ಯಂತ್ರವನ್ನು ನಡೆಸುವವರಿಗೆ ಪರ್ಫ್ಯೂಷನಿಸ್ಟ್ ಎನ್ನುತ್ತಾರೆ. ಪಿಯುಸಿ ವಿಜ್ಞಾನ ಮುಗಿಸಿದವರಿಗೆ ನಮ್ಮ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಈ ವಿಷಯದ ಬಿ.ಎಸ್ಸಿ. ಕೋರ್ಸು ಇದೆ. ವೈದ್ಯಕೀಯ ಸೀಟು ಸಿಗಲಿಲ್ಲವೆಂದು ಕುಗ್ಗುವ ನಮ್ಮ ಮಕ್ಕಳು ಇತ್ತಲೂ ನೋಡಲಿ.

ವಿದ್ಯಾರ್ಥಿಗಳು ತಿಳಿಯಬೇಕಾದ ಇನ್ನೊಂದು ಹೆಸರು ವಿವಿಯನ್ ಥಾಮಸ್. ಅಮೆರಿಕದ ಕಪ್ಪು ಜನಾಂಗದ ಈ ಹುಡುಗ ಕಾಲೇಜಿಗೆಂದು ದುಡಿದು ಕೂಡಿಟ್ಟ ಹಣ 1930ರ ಸುಮಾರಿಗೆ ಬ್ಯಾಂಕು ಮುಳುಗಿದಾಗ ಹೋಯಿತು. ಕಾಲೇಜು ಸೇರಲಾಗಲಿಲ್ಲ. ಡಾ. ಆಲ್ಫ್ರೆಡ್ ಬ್ಲಾಲಾಕ್ ಎಂಬ ಸರ್ಜನ್‌ರ ಪ್ರಯೋಗಶಾಲೆಯಲ್ಲಿ ಸಹಾಯಕನಾದ. ನೀಲಿ ಮಕ್ಕಳ ಶ್ವಾಸಕೋಶಕ್ಕೆ ರಕ್ತ ಕಳಿಸುವ ಬಗೆಯನ್ನು ಮಕ್ಕಳ ಹೃದಯತಜ್ಞೆ ಡಾ. ಹೆಲೆನ್ ಟೌಸಿಗ್ ಸೂಚಿಸಿದಾಗ, ಅದನ್ನು ಪ್ರಯೋಗಶಾಲೆಯಲ್ಲಿ ಮತ್ತೆ ಮತ್ತೆ ಮಾಡಿ ಕೈಗೆ ಹತ್ತಿಸಿಕೊಂಡವನು ಥಾಮಸ್. 1944ರ ನವೆಂಬರ್ 29ರಂದು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಮೊದಲ ಆಪರೇಷನ್ ನಡೆದಾಗ ಬ್ಲಾಲಾಕ್‌ರ ಬೆನ್ನ ಹಿಂದೆ ನಿಂತು ದಾರಿ ಹೇಳುತ್ತಿದ್ದವನೂ ಅವನೇ. ಆ ಮೊದಲ ಕೂಸು ಹೆಚ್ಚು ಕಾಲ ಬದುಕಲಿಲ್ಲ, ಆದರೆ ನಂತರ ಬಂದ ಸಾವಿರಾರು ಮಕ್ಕಳು ಬದುಕಿದರು. ಅದೇ ಸಂಸ್ಥೆ 1976ರಲ್ಲಿ ಥಾಮಸ್‌ಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಒಬ್ಬ ಬಡ ಹುಡುಗನ ಓದು ನಿಂತರೆ ಲೋಕ ಏನು ಕಳೆದುಕೊಳ್ಳಬಹುದು ಎಂಬುದನ್ನು ದಾನಿಗಳಿಗೆ ಬೇರೆ ಹೇಳಬೇಕಿಲ್ಲ.

ಗಂಟಲು ನೋವಿನಿಂದ ಕೆಡುವ ಕವಾಟ

ಈವರೆಗೆ ಹೇಳಿದ್ದು ಹುಟ್ಟುತ್ತಲೇ ಬರುವ ದೋಷ. ಇನ್ನೊಂದು, ಸರಿಯಾಗಿ ಹುಟ್ಟಿದ ಹೃದಯ ಆಮೇಲೆ ಕೆಡುವುದು. ಬಡತನ, ಇಕ್ಕಟ್ಟಾದ ಮನೆಗಳಿರುವ ಕಡೆ ಇದು ಹೆಚ್ಚು. 5ರಿಂದ 15 ವರ್ಷದ ಮಕ್ಕಳಿಗೆ ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನಿಂದ ಗಂಟಲು ನೋವು, ಜ್ವರ ಬರುತ್ತದೆ. ಸರಿಯಾದ ಔಷಧಿ ಆಗದಿದ್ದರೆ ಕೆಲವು ಮಕ್ಕಳಲ್ಲಿ ಎರಡು ಮೂರು ವಾರದ ನಂತರ ರುಮ್ಯಾಟಿಕ್ ಜ್ವರ ಕಾಣಿಸುತ್ತದೆ. ಮೊಣಕಾಲು, ಹಿಮ್ಮಡಿ, ಮೊಣಕೈಗಳು ಒಂದಾದ ಮೇಲೊಂದು ಊದಿ ನೋಯುತ್ತವೆ. ಕೀಲುನೋವು ಹೋಗುತ್ತದೆ, ಆದರೆ ಹೃದಯದ ಕವಾಟಕ್ಕೆ ಆದ ಗಾಯ ಉಳಿಯುತ್ತದೆ. ಜ್ವರ ಮರುಕಳಿಸಿದಷ್ಟೂ ಕವಾಟ ಹೆಚ್ಚು ಕೆಡುತ್ತದೆ. ಒಂದೋ ಇಕ್ಕಟ್ಟಾಗುತ್ತದೆ, ಇಲ್ಲವೇ ಸೋರುತ್ತದೆ.

ಮರುಕಳಿಸದಂತೆ ತಡೆಯಲು ಬೆಂಜಥೀನ್ ಪೆನಿಸಿಲಿನ್ ಇಂಜೆಕ್ಷನ್ ಇದೆ. ಮೂರು ವಾರಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ಎಷ್ಟು ವರ್ಷ ಎಂಬುದನ್ನು ವೈದ್ಯರು ಹೇಳುತ್ತಾರೆ. ಕವಾಟ ಕೆಟ್ಟವರಿಗೆ ಇಪ್ಪತ್ತೈದು, ಕೆಲವರಿಗೆ ನಲವತ್ತು ವಯಸ್ಸಿನವರೆಗೂ ಬೇಕಾಗಬಹುದು. ಇಂಜೆಕ್ಷನ್ ಬಹಳ ನೋಯುತ್ತದೆ, ಮಗು ಅಳುತ್ತದೆ, ಕಣ್ಣಿಗೆ ಕಾಣುವ ಕಾಯಿಲೆ ಏನೂ ಇಲ್ಲ. ಹಾಗಾಗಿ ಮನೆಯವರು ಬಿಡುತ್ತಾರೆ. ನಮ್ಮ ತಾಲೂಕುಗಳಲ್ಲಿ ಇನ್ನೊಂದು ಕಾರಣ ಗುಳೆ. ಸುಗ್ಗಿ ಮುಗಿದ ಮೇಲೆ ಕಾಫಿ ತೋಟಕ್ಕೋ, ಕಬ್ಬು ಕಡಿಯಲೋ, ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋದ ಕುಟುಂಬ ಇಂಜೆಕ್ಷನ್ ಚೀಟಿಯನ್ನು ಊರಲ್ಲೇ ಬಿಟ್ಟು ಹೋಗುತ್ತದೆ. ಚೀಟಿ ಜೊತೆಯಲ್ಲಿದ್ದರೆ ಹೋದ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಕೇಳಿ ಹಾಕಿಸಬಹುದು. ಈ ಇಂಜೆಕ್ಷನ್ ತಪ್ಪಿಸದ ಮಗು ಮುಂದೆ ಆಪರೇಷನ್ನನ್ನೇ ತಪ್ಪಿಸಿಕೊಳ್ಳಬಹುದು.

ಕವಾಟಕ್ಕೆ ಇರುವ ಚಿಕಿತ್ಸೆಗಳು

ಮಿಟ್ರಲ್ ಕವಾಟ ಇಕ್ಕಟ್ಟಾಗಿದ್ದು, ಇನ್ನೂ ಮೆತ್ತಗಿದ್ದರೆ ಬಲೂನ್ ಚಿಕಿತ್ಸೆ ಸಾಕು. ತೊಡೆಯ ರಕ್ತನಾಳದಿಂದ ಬಲೂನನ್ನು ಕವಾಟದವರೆಗೆ ಕಳಿಸಿ, ಉಬ್ಬಿಸಿ, ಅಂಟಿಕೊಂಡ ಅಂಚುಗಳನ್ನು ಬಿಡಿಸುತ್ತಾರೆ. ಜಪಾನಿನ ಡಾ. ಕಾಂಜಿ ಇನೂಯೆ 1982ರಲ್ಲಿ ಇದನ್ನು ಮೊದಲು ಮಾಡಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ಇದು ಬಹಳ ದೊಡ್ಡ ಸಂಖ್ಯೆಯಲ್ಲಿ ನಡೆಯುತ್ತದೆ. ಕವಾಟ ಸುಣ್ಣದಂತೆ ಗಟ್ಟಿಯಾಗಿದ್ದರೆ, ಬಹಳ ಸೋರುತ್ತಿದ್ದರೆ ಬಲೂನು ಕೆಲಸ ಮಾಡದು. ಇಲ್ಲಿಯೂ ಬೇಗ ಹೋದವರಿಗೆ ಸುಲಭ ದಾರಿ.

ಸೋರುವ ಕವಾಟವನ್ನು ಸಾಧ್ಯವಾದರೆ ರಿಪೇರಿ ಮಾಡುತ್ತಾರೆ. ಸ್ವಂತ ಕವಾಟ ಉಳಿದಷ್ಟೂ ಒಳ್ಳೆಯದು. ಆಗದಿದ್ದರೆ ಬದಲಾಯಿಸಬೇಕು. ಬದಲಿ ಕವಾಟದಲ್ಲಿ ಎರಡು ಬಗೆ. ಲೋಹ ಮತ್ತಿತರ ಗಟ್ಟಿ ವಸ್ತುವಿನ ಕವಾಟ ಬಹಳ ವರ್ಷ ಬಾಳುತ್ತದೆ, ಆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟದಂತೆ ಜೀವನಪೂರ್ತಿ ಮಾತ್ರೆ ನುಂಗಬೇಕು. ಪ್ರಾಣಿಯ ಅಂಗಾಂಶದಿಂದ ಮಾಡಿದ ಕವಾಟಕ್ಕೆ ಸಾಮಾನ್ಯವಾಗಿ ಜೀವನಪೂರ್ತಿ ಆ ಮಾತ್ರೆ ಬೇಕಿಲ್ಲ, ಆದರೆ ಹತ್ತು ಹದಿನೈದು ವರ್ಷದಲ್ಲಿ ಸವೆಯುತ್ತದೆ. ಚಿಕ್ಕ ವಯಸ್ಸಿನವರಲ್ಲಿ ಇನ್ನೂ ಬೇಗ. ವಯಸ್ಸಾದ ಕೆಲವರಿಗೆ ಅಯೋರ್ಟಿಕ್ ಕವಾಟವನ್ನು ಎದೆ ತೆರೆಯದೆ ನಳಿಕೆಯ ಮೂಲಕವೇ ಕೂರಿಸುವ ವಿಧಾನವೂ ಬಂದಿದೆ, ಖರ್ಚು ಹೆಚ್ಚು.

ವಿದೇಶಿ ಕವಾಟದ ಬೆಲೆ ನಮ್ಮ ಬಡವರಿಗೆ ಎಟುಕುತ್ತಿರಲಿಲ್ಲ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಅವರ ತಂಡ ದೇಶದಲ್ಲೇ ಕವಾಟ ಮಾಡಲು ಹೊರಟು, ಮೂರು ಮಾದರಿಗಳು ಪರೀಕ್ಷೆಯಲ್ಲಿ ಸೋತ ಮೇಲೆ ನಾಲ್ಕನೆಯದರಲ್ಲಿ ಗೆದ್ದಿತು. 1990ರ ಡಿಸೆಂಬರ್‌ನಲ್ಲಿ ಅದನ್ನು ಮೊದಲ ರೋಗಿಗೆ ಕೂರಿಸಲಾಯಿತು. ಟಿಟಿಕೆ ಚಿತ್ರಾ ಎಂಬ ಆ ಕವಾಟ ಇಂದು ಲಕ್ಷಕ್ಕೂ ಹೆಚ್ಚು ಎದೆಗಳಲ್ಲಿ ಬಡಿದಿದೆ. ವಲಿಯತ್ತಾನ್ ಅವರು ಮುಂದೆ ನಮ್ಮ ಮಣಿಪಾಲದಲ್ಲಿ ಕುಲಪತಿಗಳಾಗಿದ್ದರು.

ಅಂಗಾಂಶದ ಕವಾಟಗಳಲ್ಲಿ ದನದ್ದೂ ಇವೆ, ಹಂದಿಯದ್ದೂ ಇವೆ. ಇದರಿಂದ ಹಿಂದೂ ಮುಸ್ಲಿಂ ಇಬ್ಬರ ಮನೆಗಳಲ್ಲೂ ಸಂಕೋಚವಾಗುತ್ತದೆ, ಕೇಳಲು ನಾಚಿ ಕೆಲವರು ಆಪರೇಷನ್ನನ್ನೇ ಮುಂದೂಡುತ್ತಾರೆ. ಹಾಗೆ ಮಾಡಬೇಡಿ. ಸರ್ಜನ್ ಹತ್ತಿರ ನೇರವಾಗಿ ಕೇಳಿ, ಗಟ್ಟಿ ವಸ್ತುವಿನ ಕವಾಟವೂ ಇದೆ. ಮನಸ್ಸಿಗೆ ಸಮಾಧಾನ ಬೇಕಿದ್ದರೆ ತಿಳಿದ ಆಲಿಮರನ್ನು ಆಪರೇಷನ್ ದಿನಕ್ಕೆ ಮುಂಚೆಯೇ ಕೇಳಿಕೊಳ್ಳಿ.

ಹೆಣ್ಣುಮಕ್ಕಳ ವಿಷಯ

ಹುಡುಗಿಗೆ ಹೃದಯದ ತೊಂದರೆ ಇದೆ ಎಂದರೆ ಮದುವೆ ಆಗುವುದಿಲ್ಲ ಎಂದು ಮುಚ್ಚಿಡುವವರಿದ್ದಾರೆ. ಕವಾಟ ಇಕ್ಕಟ್ಟಾಗಿರುವುದು ಅನೇಕ ಹೆಣ್ಣುಮಕ್ಕಳಲ್ಲಿ ಮೊದಲು ಗೊತ್ತಾಗುವುದೇ ಬಸುರಿಯಲ್ಲಿ, ಉಸಿರು ಕಟ್ಟಿದಾಗ. ಆಗ ತಾಯಿ, ಕೂಸು ಇಬ್ಬರಿಗೂ ಅಪಾಯ. ಗಟ್ಟಿ ಕವಾಟ ಹಾಕಿಸಿಕೊಂಡವರು ನುಂಗುವ ವಾರ್ಫರಿನ್, ಅಸಿಟ್ರಾಂ ಮಾತ್ರೆಗಳು ಬಸುರಿಯ ಮೊದಲ ತಿಂಗಳುಗಳಲ್ಲಿ ಕೂಸಿನ ಬೆಳವಣಿಗೆಗೆ ತೊಂದರೆ ಮಾಡಬಹುದು. ತಾವಾಗಿಯೇ ಬಿಟ್ಟರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ತಾಯಿಯ ಜೀವಕ್ಕೆ ಬರಬಹುದು. ಆದ್ದರಿಂದ ಹುಡುಗಿಗೆ ಕವಾಟ ಆರಿಸುವಾಗಲೇ ಮುಂದಿನ ಸಂಸಾರದ ಮಾತನ್ನು ವೈದ್ಯರೊಂದಿಗೆ ಆಡಬೇಕು. ಮದುವೆಯಾದ ಮೇಲೆ ಮಗು ಬೇಕೆಂದಾಗ, ಬಸುರಿಯಾಗುವ ಮುನ್ನವೇ ಹೃದ್ರೋಗ ತಜ್ಞರನ್ನು ಕಾಣಬೇಕು. ಗಂಡಿನ ಮನೆಯವರಿಗೆ ಹೇಳಿಯೇ ಮದುವೆ ಮಾಡುವುದು ಹುಡುಗಿಯ ಜೀವ ಕಾಯುವ ದಾರಿ.

ಆಪರೇಷನ್ ಆದ ಮೇಲೆ

ಗಟ್ಟಿ ಕವಾಟ ಇರುವವರು ಪಿ.ಟಿ.-ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ವೈದ್ಯರು ಹೇಳಿದ ದಿನಕ್ಕೆ ಮಾಡಿಸಿ ಮಾತ್ರೆಯ ಪ್ರಮಾಣ ಸರಿಮಾಡಿಸಿಕೊಳ್ಳಬೇಕು. ರಕ್ತ ಬಹಳ ತೆಳುವಾದರೆ ಒಳಗೆ ರಕ್ತಸ್ರಾವ, ತೆಳು ಸಾಲದಿದ್ದರೆ ಹೆಪ್ಪು. ಮೆಂತ್ಯ, ಪಾಲಕ್‌ನಂಥ ಸೊಪ್ಪನ್ನು ಬಿಡಬೇಕಿಲ್ಲ, ಒಂದೇ ಅಳತೆಯಲ್ಲಿ ತಿನ್ನಬೇಕು. ಮೈಕೈ ನೋವಿನ ಮಾತ್ರೆ, ನಾಟಿ ಔಷಧಿ, ಇಂಜೆಕ್ಷನ್ ಯಾವುದಕ್ಕೂ ಮೊದಲು ಈ ಮಾತ್ರೆಯ ವಿಷಯ ಹೇಳಬೇಕು. ರಮಜಾನ್ ಉಪವಾಸ ಹಿಡಿಯುವವರು ಮಾತ್ರೆಯ ಹೊತ್ತನ್ನು ತಾವೇ ಬದಲಿಸದೆ, ತಿಂಗಳು ಬರುವ ಮೊದಲೇ ವೈದ್ಯರನ್ನು ಕೇಳಿಕೊಳ್ಳಲಿ.

ಹಲ್ಲು ಹುಳುಕಾದರೆ ಅಲ್ಲಿಂದ ರೋಗಾಣು ರಕ್ತಕ್ಕೆ ಸೇರಿ ಹೃದಯದಲ್ಲಿ ಸೋಂಕಾಗಬಹುದು. ದಿನಕ್ಕೆರಡು ಸಲ ಹಲ್ಲುಜ್ಜಿಸಿ. ಹಲ್ಲು ಕೀಳಿಸುವ ಮುನ್ನ ದಂತವೈದ್ಯರಿಗೆ ಆಪರೇಷನ್ ಆದದ್ದನ್ನು ಹೇಳಿ. ಇನ್ನೊಂದು ಮಾತು: ತೂತು ಮುಚ್ಚಿಸಿಕೊಂಡ ಹೆಚ್ಚಿನ ಮಕ್ಕಳು ಎಲ್ಲರಂತೆ ಓದಬಹುದು, ವೈದ್ಯರ ಒಪ್ಪಿಗೆಯಿದ್ದರೆ ಆಡಲೂಬಹುದು. ಅಯ್ಯೋ ಪಾಪ ಎಂದು ಶಾಲೆ ಬಿಡಿಸಬೇಡಿ.

ಎಲ್ಲಿಗೆ ಹೋಗಬೇಕು, ಏನು ಒಯ್ಯಬೇಕು

ಮೊದಲ ಮೆಟ್ಟಿಲು ಅಂಗನವಾಡಿ, ಶಾಲೆ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ 18 ವರ್ಷದೊಳಗಿನ ಮಕ್ಕಳನ್ನು ತಪಾಸಣೆ ಮಾಡುತ್ತದೆ. ಅಂಗನವಾಡಿಗೆ ವರ್ಷಕ್ಕೆರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ. ಹುಟ್ಟಿನ ಹೃದಯದೋಷ, ರುಮ್ಯಾಟಿಕ್ ಹೃದ್ರೋಗ ಎರಡೂ ಅವರ ಪಟ್ಟಿಯಲ್ಲಿವೆ. ತಂಡ ಬರುವ ದಿನ ಮಗುವನ್ನು ತಪ್ಪಿಸದೆ ಶಾಲೆಗೆ ಕಳಿಸಿ. ಅವರು ಮೇಲಿನ ಆಸ್ಪತ್ರೆಗೆ ಬರೆದುಕೊಟ್ಟ ಚೀಟಿಯನ್ನು ಮನೆಯ ಗೂಟಕ್ಕೆ ನೇತುಹಾಕಿ ಮರೆಯಬೇಡಿ.

ದೊಡ್ಡ ಆಸ್ಪತ್ರೆಗಳೆಂದರೆ ಸರ್ಕಾರದ ಅಧೀನದ ಸ್ವಾಯತ್ತ ಸಂಸ್ಥೆಯಾದ ಜಯದೇವ, ಅದು ಬೆಂಗಳೂರು, ಮೈಸೂರು, ಕಲಬುರಗಿಗಳಲ್ಲಿದೆ. 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ ಶುರುವಾದ ಶ್ರೀ ಸತ್ಯಸಾಯಿ ಆಸ್ಪತ್ರೆ ಜಾತಿ ಧರ್ಮ ಕೇಳದೆ ಉಚಿತವಾಗಿ ಹೃದಯದ ಆಪರೇಷನ್ ಮಾಡುತ್ತದೆ. ಡಾ. ದೇವಿ ಶೆಟ್ಟಿ ಅವರ ನಾರಾಯಣ ಹೃದಯಾಲಯ ಮಕ್ಕಳ ಹೃದಯಕ್ಕೆ ಹೆಸರಾಗಿದೆ. 2003ರ ಜುಲೈನಲ್ಲಿ ಲಾಹೋರಿನ ಎರಡೂವರೆ ವರ್ಷದ ಹೆಣ್ಣುಮಗುವೊಂದು, ಆಗಷ್ಟೇ ಮತ್ತೆ ಓಡತೊಡಗಿದ್ದ ದೆಹಲಿ-ಲಾಹೋರ್ ಬಸ್ಸಿನಲ್ಲಿ ಗಡಿ ದಾಟಿ ಅಲ್ಲಿಗೆ ಬಂದು ಆಪರೇಷನ್ ಮಾಡಿಸಿಕೊಂಡು ಗುಣವಾಗಿ ಹೋಯಿತು. ಎರಡೂ ದೇಶದ ಜನ ಆ ಮಗುವಿಗಾಗಿ ಹಾರೈಸಿದ್ದನ್ನು ನಮ್ಮಲ್ಲಿ ಹಲವರು ಪತ್ರಿಕೆಯಲ್ಲಿ ಓದಿದ್ದೇವೆ. ಲಾಹೋರಿನಿಂದ ಬಂದೀತಾದರೆ ಹರಪನಹಳ್ಳಿಯಿಂದ ಬೆಂಗಳೂರು ದೂರವಾಗಬಾರದು.

ಖರ್ಚಿಗೆ 2018ರಿಂದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ದೊರೆಯುತ್ತದೆ. ಎಪಿಎಲ್‌ನವರಿಗೆ ನಿಗದಿತ ವೆಚ್ಚದ ಶೇ. 30ರಷ್ಟು, 1.5 ಲಕ್ಷದವರೆಗೆ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಯೋಜನೆಯೂ ಇದೆ. ಯೋಜನೆಗೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು, ಹಾಗಾಗಿ ನೇರವಾಗಿ ಬಸ್ ಹತ್ತಬೇಡಿ. ಕೂಸಿನ ಹೆಸರನ್ನು ಪಡಿತರ ಚೀಟಿಗೆ ಸೇರಿಸುವುದನ್ನು, ಆಧಾರ್ ಮಾಡಿಸುವುದನ್ನು ತಡಮಾಡಬೇಡಿ. ಪಡಿತರ ಚೀಟಿ, ಆಧಾರ್, ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಹಳೆಯ ಎಕೋ ವರದಿಗಳೆಲ್ಲ ಒಂದೇ ಚೀಲದಲ್ಲಿರಲಿ. ದಾಖಲಾಗುವ ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕಾಣಿ. ಸಂಶಯವಿದ್ದರೆ 104ಕ್ಕೆ ಫೋನ್ ಮಾಡಿ ಕೇಳಬಹುದು.

ದಾನಿಗಳಲ್ಲಿ ಒಂದು ಮನವಿ

ಹೃದಯದ ಆಪರೇಷನ್ ಎಂದರೆ ದಾನಿಗಳು ಲಕ್ಷಗಳ ಲೆಕ್ಕ ಹಾಕಿ ಹಿಂಜರಿಯುತ್ತಾರೆ. ಆಪರೇಷನ್ನಿನ ಹಣ ಯೋಜನೆಯಿಂದ ಬರುತ್ತದೆ. ಬಡವರು ಸೋಲುವುದು ಅದರ ಆಚೀಚೆ. ತಂದೆತಾಯಿ ಇಬ್ಬರೂ ಕೂಲಿ ಬಿಟ್ಟು ಮೂರು ಸಲ ಬೆಂಗಳೂರಿಗೆ ಹೋಗಿ ಬರುವ ಬಸ್ ಚಾರ್ಜು, ಎರಡು ವಾರ ಅಲ್ಲಿ ಉಳಿಯುವ ಊಟ-ವಸತಿ, ಮನೆಯಲ್ಲಿ ಬಿಟ್ಟ ಉಳಿದ ಮಕ್ಕಳ ಹೊಟ್ಟೆ, ಮೂರು ವಾರಕ್ಕೊಮ್ಮೆ ಇಂಜೆಕ್ಷನ್ನಿಗೆ ತಾಲೂಕಿಗೆ ಬರುವ ಖರ್ಚು, ತಿಂಗಳ ರಕ್ತಪರೀಕ್ಷೆ, ತಪ್ಪಿದ ಪಾಠಗಳ ಟ್ಯೂಷನ್. ಇವು ಸಾವಿರಗಳ ಲೆಕ್ಕ. ಒಬ್ಬ ದಾನಿ ಒಂದು ಮಗುವಿನ ಒಂದು ವರ್ಷದ ಓಡಾಟವನ್ನು ವಹಿಸಿಕೊಳ್ಳಬಹುದು. ಬೆಂಗಳೂರಿನಲ್ಲಿರುವ ನಮ್ಮ ಊರಿನವರು ಹಣಕ್ಕಿಂತ ಹೆಚ್ಚಾಗಿ ಒಂದು ದಿನದ ರಜೆ ಹಾಕಿ ಆಸ್ಪತ್ರೆಯಲ್ಲಿ ದಾರಿ ತೋರಿಸಬಹುದು, ರಕ್ತ ಕೊಡಬಹುದು.

ವಿದ್ಯಾರ್ಥಿವೇತನದ ಕುಟುಂಬಗಳಿಗೆ ಹೇಳುವುದಿಷ್ಟು. ಅರ್ಜಿಯಲ್ಲಿ ಮಗುವಿನ ಕಾಯಿಲೆಯ ವಿಷಯವನ್ನು ಮುಚ್ಚಿಡದೆ ಬರೆಯಿರಿ. ಆಸ್ಪತ್ರೆಗೆ ಹೋದ ದಿನಗಳ ಚೀಟಿ ಲಗತ್ತಿಸಿದರೆ ಹಾಜರಾತಿ ಕಡಿಮೆಯಾದ ಕಾರಣ ಸಮಿತಿಗೆ ತಿಳಿಯುತ್ತದೆ. ಎಕೋ ಮಾಡಿಸಲು ಹೇಳಿ ಇನ್ನೂ ಮಾಡಿಸದ ಮಗು ಮನೆಯಲ್ಲಿದ್ದರೆ, ಈ ವರದಿಯನ್ನು ಮಡಚಿಟ್ಟು ಮೊದಲು ಆ ಚೀಟಿಯನ್ನು ಹುಡುಕಿ, ಇದೇ ವಾರ ತಾಲೂಕು ಆಸ್ಪತ್ರೆಯ ಮಕ್ಕಳ ವೈದ್ಯರನ್ನು ಕಾಣಿ.